ಫಿಲಮು ಹಿಡಿದ ಬೆರಳು

ಆ ಶುಕ್ರವಾರ ಬೆಳಿಗ್ಗೆ ಲಿಂಗಪ್ಪನ್ ಎರಡು ಸಲ ರಾಗಿ ಕಳಿ ಹಾಕಿಸಿಕೊಂಡು ತಿಂದ. ಕೈ ತೊಳೆದ ಮೇಲೆ ಹೆಂಡತಿ ಪಾಪಾತಿ ಅವನ ಬಲಗೈ ತೋರುಬೆರಳಿಗೆ ಹರಳೆಣ್ಣೆ ಹಚ್ಚಿ ಬಟ್ಟೆ ಸುತ್ತಿದಳು. ಬೆರಳು ಬಿರುಕು ಬಿಟ್ಟು ತಿಂಗಳಾಗಿತ್ತು, ಇನ್ನೂ ಕೂಡಿರಲಿಲ್ಲ.

“ಇವತ್ತಾದ್ರೂ ಡಾಕ್ಟರಯ್ಯನಿಗೆ ತೋರಿಸಿ.”

“ಅವರು ಹಲ್ಲಿನ ಡಾಕ್ಟರು ಕಣೆ. ಬೆರಳಿಗೆ ಹಲ್ಲು ಮೊಳೆತರೆ ತೋರಿಸ್ತೀನಿ.”

ಅವಳಿಗೆ ನಗು ಬಂತು. ಆ ಮನೆಯಲ್ಲಿ ನಗು ಇದ್ದ ಕಡೇ ದಿನ ಅದು.

ಅವನು ನೇಕಾರರ ಮಗ. ಗುಂಡಿಮಗ್ಗದ ತೇವಕ್ಕೆ ಕಾಲು ಊದಿಕೊಂಡು ನೇಯಲಾಗದೆ, ಕೋಯಮತ್ತೂರಿನ ಹಲ್ಲಿನ ಡಾಕ್ಟರ ಹತ್ತಿರ ಕೆಲಸಕ್ಕೆ ಸೇರಿದ್ದ. ನೀಲಗಿರಿಯ ಪೈಕಾರಾ ಹೊಳೆಯಿಂದ ಊರಿಗೆ ಕರೆಂಟು ಬಂದ ಮೇಲೆ ಡಾಕ್ಟರು ಎಕ್ಸ್‌ರೇ ಮಿಷನ್ ತರಿಸಿದರು. ರೋಗಿಯ ಬಾಯೊಳಗೆ, ಹಲ್ಲಿನ ಹಿಂದೆ, ಚಿಕ್ಕ ಫಿಲಮನ್ನು ಅಲ್ಲಾಡದ ಹಾಗೆ ಒತ್ತಿ ಹಿಡಿಯಬೇಕು. ರೋಗಿಗಳ ಕೈ ನಡುಗುತ್ತೆ, ಚಿತ್ರ ಕೆಡುತ್ತೆ. ಲಿಂಗಪ್ಪನ್‌ನ ಕೈ ನಡುಗದು. ಹಿಡಿಯುವುದು ಅವನ ಪಾಲಿಗೆ ಬಂತು.

ಮೊದಲ ವಾರ ಡಾಕ್ಟರು ಒಂದೇ ಹಲ್ಲನ್ನು ಎರಡು ಬಗೆಯಲ್ಲಿ ತೆಗೆದರು. ಒಮ್ಮೆ ಬರೀ ಫಿಲಮು. ಇನ್ನೊಮ್ಮೆ ಫಿಲಮಿಗೆ ಸ್ಕ್ರೀನ್ ಅನ್ನುವ ಬಿಳಿ ರಟ್ಟು ಒತ್ತಿಟ್ಟು. ಕಿರಣ ತಗುಲಿದರೆ ಆ ರಟ್ಟು ತಾನೇ ಹೊಳೆದು ಫಿಲಮಿಗೆ ಬೆಳಕು ಕೊಡುತ್ತೆ. ರಟ್ಟಿದ್ದರೆ ಒಂದು ಎಣಿಸುವಷ್ಟರಲ್ಲಿ ಮುಗಿಯುತ್ತೆ. ಬರೀ ಫಿಲಮಿಗೆ ಹತ್ತು ಎಣಿಸಬೇಕು.

ಡಾಕ್ಟರು ಎರಡನ್ನೂ ಕಿಟಕಿಗೆ ಹಿಡಿದು ಕೇಳಿದರು: “ನೂಲು ನೋಡಿದ ಕಣ್ಣು ನಿಂದು. ಯಾವುದು ವಾಸಿ, ಲಿಂಗಪ್ಪಾ?”

ಅವನು ಬಟ್ಟೆ ನೋಡುವ ಹಾಗೇ ನೋಡಿದ. ರಟ್ಟಿನದರಲ್ಲಿ ಬೇರಿನ ಅಂಚು ಗಂಜಿ ಹೆಚ್ಚಾದ ನೂಲಿನಂತೆ ಮಸುಕು. ಇನ್ನೊಂದರಲ್ಲಿ ಎಳೆ ಎಳೆಯೂ ಬೇರೆ. ಮಸುಕಾದದ್ದನ್ನು ಒಳ್ಳೇದು ಅನ್ನಲು ನೇಕಾರನಿಗೆ ಬಾಯಿ ಬಾರದು.

“ಬರೀದೇ ವಾಸಿ, ಸಾಮಿ. ಹತ್ತೇನು, ಇಪ್ಪತ್ತು ಎಣಿಸಿ. ನಾನು ಹಿಡಿದಿರ್ತೀನಿ.”

ರಟ್ಟು ಬೀರುವಿಗೆ ಹೋಯಿತು.

ಆ ಹತ್ತು ಎಣಿಕೆಯ ಕಿರಣ ಅವನ ಬೆರಳ ಮೇಲೂ ಬೀಳುತ್ತಿತ್ತು. ದಿನಕ್ಕೆ ಎಂಟು ಹತ್ತು ಬಾಯಿ. ಐದು ವರ್ಷ. ಉಗುರು ಗೆರೆಬಿದ್ದು ಒಡೆಯಿತು, ಚರ್ಮ ಒಣಗಿ ಕರ್ರಗಾಯಿತು. ಫಿಲಮು ತೊಳೆಯುವ ಮದ್ದಿನ ಕಾಟ ಎಂದುಕೊಂಡಳು ಪಾಪಾತಿ. ನೂಲಿಗೆ ಬಣ್ಣ ಹಾಕುವವರ ಕೈಯೂ ಹಾಗೇ ಇರುತ್ತಲ್ಲ.

ನಕ್ಕ ಮರುದಿನ, ಶನಿವಾರ, ಬೆರಳ ಬಟ್ಟೆ ಬಿಚ್ಚಿದಾಗ ಬಿರುಕಿನೊಳಗಿಂದ ಮಾಂಸ ಗಂಟುಕಟ್ಟಿ ಎದ್ದಿತ್ತು. ಡಾಕ್ಟರು ನೋಡಿದವರೇ, ಇದು ಮದ್ದಿನದಲ್ಲ, ಕಿರಣದ ಹುಣ್ಣು ಅಂದರು. ಮದರಾಸಿಗೆ ಕಳಿಸಿದರು. ಅಲ್ಲಿ ಬೆರಳು ತೆಗೆದರು. ಆರು ತಿಂಗಳಿಗೆ ಮುಂಗೈ ತೆಗೆದರು. ಆಮೇಲೆ ಕಂಕುಳಲ್ಲಿ ಗಂಟು ಬಂತು. ಅದನ್ನು ತೆಗೆಯಲಾಗದು ಅಂದರು.

ಪಾಪಾತಿ ಒಂದೇ ಸಲ ಕೇಳಿದಳು. “ಆ ರಟ್ಟು ಇಟ್ಟಿದ್ರೆ?”

ಅವನು ಗೋಡೆ ಕಡೆ ತಿರುಗಿಕೊಂಡ. “ಚಿತ್ರ ಮಸುಕಾಗ್ತಿತ್ತು.”

ದೀಪಾವಳಿ ಬರುವ ಐಪ್ಪಸಿ ತಿಂಗಳ ಮಳೆಯಲ್ಲಿ ಸತ್ತ.

ಡಾಕ್ಟರು ಅವಳಿಗೆ ಗುಡಿಸಿ ಸಾರಿಸುವ ಕೆಲಸ ಕೊಟ್ಟರು. ಫಿಲಮು ಹಿಡಿಯಲು ಮೈಲ್‌ಸಾಮಿ ಬಂದ, ಎರಡು ಮಕ್ಕಳ ತಂದೆ. ಒಂದು ದಿನ ಬಲಗೈ, ಒಂದು ದಿನ ಎಡಗೈ ಅಂತ ಡಾಕ್ಟರು ಅವನಿಗೆ ಹೇಳಿಕೊಟ್ಟಿದ್ದರು. ಅಷ್ಟೇ.

ಪಾಪಾತಿ ಬೀರುವಿನಿಂದ ರಟ್ಟು ತೆಗೆದು ಅವನ ಮುಂದೆ ಇಟ್ಟಳು. “ಇದನ್ನ ಇಟ್ಟು ಹಿಡಿ, ತಮ್ಮಾ. ಒಂದು ಎಣಿಸಿದ್ರೆ ಸಾಕು.”

“ಅಯ್ಯೋ ಅಕ್ಕಾ, ಅದು ಬೇಡ ಅಂದಿದ್ದು ನಿಮ್ಮ ಮನೆಯವರೇ ಅಂತಲ್ಲ! ಅವರ ಕಣ್ಣಿಗೆ ಸಮ ಇಲ್ಲ ಅಂತ ಡಾಕ್ಟರಯ್ಯ ಬಂದವರಿಗೆಲ್ಲ ಹೇಳ್ತಾರೆ.”

ಅವಳು ಡಾಕ್ಟರನ್ನೂ ಕೇಳಿದಳು. ಮಸುಕು ಚಿತ್ರ ನಂಬಿ ತಪ್ಪು ಹಲ್ಲು ಕಿತ್ತರೆ ಯಾರು ಹೊಣೆ ಅಂದರು ಅವರು. ರಟ್ಟನ್ನು ಅವಳೇ ಮತ್ತೆ ಬೀರುವಿನೊಳಗಿಟ್ಟಳು.

ಇವತ್ತಿಗೂ ಬೆಳಿಗ್ಗೆ ರೋಗಿಗಳು ಬರುವ ಮುಂಚೆ ಪಾಪಾತಿ ಬೀದಿ ಕೊಳಾಯಿಯಿಂದ ಆರು ಕೊಡ ನೀರು ಹೊತ್ತು ಕತ್ತಲೆ ಕೋಣೆಯ ತೊಟ್ಟಿ ತುಂಬಿಸುತ್ತಾಳೆ. ಮೈಲ್‌ಸಾಮಿ ಹಿಡಿದ ಫಿಲಮುಗಳನ್ನು ಅದರಲ್ಲಿ ತೊಳೆಯಬೇಕು.