ತೆರೆದಿದ್ದ ಗೇಟಿನ ಮುಂದೆ

ಹೊಸ ಕಂಬಳಿಗೆ ಹುಣಸೆ ಬೀಜದ ಗಂಜಿ ಹಾಕಿರುತ್ತಾರೆ. ಆ ವಾಸನೆ ಗೊತ್ತಿದ್ದವರಿಗೆ ಹೇಳುವುದು ಬೇಡ, ಗೊತ್ತಿಲ್ಲದವರಿಗೆ ಹೇಳಿದರೂ ತಿಳಿಯುವುದಿಲ್ಲ. ಅದು ಹುಳಿಯೂ ಅಲ್ಲ, ಹುರಿದ ಕಾಳಿನದೂ ಅಲ್ಲ. ಅದರ ಅಡಿಯಲ್ಲಿ ಎಲ್ಲೋ ಮಳೆಯಲ್ಲಿ ನೆನೆದ ಕುರಿಯ ಮೈ ವಾಸನೆ ಇರುತ್ತದೆ. ಮೊನ್ನೆ ಮೊಮ್ಮಗಳ ಸೂಟ್‌ಕೇಸಿಗೆ ಹಾಕಲೆಂದು ಅಂಥದೊಂದು ಕಂಬಳಿಯ ಮಡಿಕೆ ಬಿಚ್ಚಿದೆ, ಮನೆ ತುಂಬ ಆ ವಾಸನೆ ಹರಡಿತು. ಮೊಮ್ಮಗಳಿಗೆ ಬಾಗಲಕೋಟೆಯಲ್ಲಿ ಕಾಲೇಜು ಸಿಕ್ಕಿದೆ. ಈ ಸುದ್ದಿಯನ್ನು ಹಾಲಿನವನಿಗೆ, ಬಸ್ಸಿನ ಕಂಡಕ್ಟರನಿಗೆ, ದವಾಖಾನೆಯಲ್ಲಿ ಪಕ್ಕಕ್ಕೆ ಕುಳಿತ ಗುರುತಿಲ್ಲದ ಹೆಂಗಸಿಗೆ ಹೇಳಿಯಾಯಿತು. ಈಗ ನಿಮಗೂ ಹೇಳುತ್ತಿದ್ದೇನೆ, ಬೇಸರ ಮಾಡಿಕೊಳ್ಳಬೇಡಿ. "ಆಯಿ, ಹಾಸ್ಟೆಲಿನಾಗ ಕಂಬಳಿ ಯಾರೂ ಹೊಚ್ಚಗೊಳ್ಳೂದಿಲ್ಲ, ನಗ್ತಾರ," ಎಂದಳು ಮೊಮ್ಮಗಳು. "ನಕ್ಕವರಿಗೆ ಥಂಡಿ ಹತ್ತಿದಾಗ ಅರ್ಧ ಕೊಡು," ಎಂದೆ. ಅವಳು ನಕ್ಕು, "ಅದಿರಲಿ, ಕಾಲೇಜಿಗೆ ಹೊಂಟೇನಿ, ಒಂದೀಟು ಬುದ್ಧಿಮಾತು ಹೇಳು," ಎಂದು ನನ್ನ ಮುಂದೆ ಕುಳಿತಳು. ಇವಳಿಗೆ ಹೇಳುವಂಥದು ನನ್ನ ಹತ್ತಿರ ಏನಿದೆ? ಹೇಳಬೇಕಾದದ್ದು ಬೇರೊಬ್ಬಳಿಗೆ. ಎರಡು ಜಡೆ ಹಾಕಿಕೊಂಡು, ಪುಸ್ತಕ ಎದೆಗೆ ಅವುಚಿಕೊಂಡು ಕುಳಗೇರಿ ಕ್ರಾಸಿನ ದಾರಿಯಲ್ಲಿ ಹೈಸ್ಕೂಲಿಗೆ ನಡೆದು ಹೋಗುತ್ತಿದ್ದ ಒಬ್ಬ ಹುಡುಗಿಗೆ. ಆ ಹುಡುಗಿ ನಾನೇ.

ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ ಅದು. ನಮ್ಮದು ಬೀರಪ್ಪ ದೇವರಿಗೆ ನಡೆದುಕೊಳ್ಳುವ, ಕುರಿ ಕಾಯುವ ಮನೆತನ. ಮನೆಯ ಬಾಗಿಲು ಎಷ್ಟು ಗಿಡ್ಡವೆಂದರೆ ಬೀಗರೂ ತಲೆ ಬಾಗಿಸಿಯೇ ಒಳಗೆ ಬರಬೇಕು. ಒಳಗೆ ಅರ್ಧ ನಮಗೆ, ಅರ್ಧ ಎಳೆಯ ಮರಿಗಳಿಗೆ. ಚಿಮಣಿ ಬೆಳಕಿನಲ್ಲಿ ನಾನು ಓದುತ್ತ ಕುಳಿತರೆ ಯಾವುದೋ ಮರಿ ಬಂದು ಭೂಗೋಳದ ಅಂಚು ತಿನ್ನುತ್ತಿತ್ತು. ಮುತ್ಯಾನ, ಅಂದರೆ ಅಜ್ಜನ ಕೈಯಲ್ಲಿ ಉಣ್ಣೆ ನೂಲುವ ಕದರು ಸದಾ ತಿರುಗುತ್ತಿತ್ತು. ಅವನಿಗೆ ಸಿಟ್ಟು ಬಂದಾಗ ಮಾತ್ರ ಅದು ನಿಲ್ಲುತ್ತಿತ್ತು. ಸುಗ್ಗಿ ಮುಗಿದದ್ದೇ ಅಪ್ಪ ಕುರಿ ಹೊಡೆದುಕೊಂಡು ಪಟ್ಟದಕಲ್ಲಿನ ಕಡೆ, ಮಲಪ್ರಭೆಯ ದಂಡೆಗುಂಟ ಹೋದರೆ ಮಳೆಗಾಲಕ್ಕೇ ತಿರುಗಿ ಬರುವುದು. ಅಕ್ಷರ ಬಲ್ಲವರು ಆ ಮನೆಯಲ್ಲಿ ನಾನೊಬ್ಬಳೇ. ನಾನು ಎಸ್ಸೆಸ್ಸೆಲ್ಸಿ ಪಾಸಾದಾಗ ಹೈಸ್ಕೂಲಿನ ಮಾಸ್ತರರೇ ಮನೆಗೆ ಬಂದು, "ಹುಡುಗಿನ್ನ ಬಾಗಲಕೋಟಿಗೆ ಕರಕೊಂಡು ಹೋಗಿ ಕಾಲೇಜಿಗೆ ಹೆಸರು ಹಚ್ಚಿ ಬರ್ರಿ, ಬರೂ ಸೋಮವಾರ ಕಡೀ ದಿನ," ಎಂದು ಹೇಳಿ ಹೋದರು. ಹುನಗುಂದದ ಕಡೆಯಿಂದ ನನಗೆ ವರ ಬಂದಿದ್ದ ದಿನಗಳೂ ಅವೇ. ಮುತ್ಯಾ ಕದರು ನಿಲ್ಲಿಸದೆ ತೀರ್ಮಾನ ಹೇಳಿದ: "ಕಾಲೇಜು ಸಿಕ್ಕರ ಕಾಲೇಜು. ಸಿಗಲಿಲ್ಲಂದ್ರ ಹುನಗುಂದ."

ಕಾಲೇಜು ಎಂಬುದನ್ನು ಯಾರೂ ಕಂಡಿರಲಿಲ್ಲ. ಮನೆ ಬಿಟ್ಟು ದೂರ ಹೋಗುವುದೆಂದರೆ ಅವರಿಗೆ ಗೊತ್ತಿದ್ದದ್ದು ಒಂದೇ, ಕುರಿಯ ಹಿಂದೆ ಹೋಗುವುದು. ಹಾಗಾಗಿ ನನ್ನನ್ನೂ ಹಾಗೆಯೇ ಸಜ್ಜು ಮಾಡಿದರು. ಅವ್ವ ತಿಂಗಳಾದರೂ ಕೆಡದಂತೆ ಖಡಕ್ ರೊಟ್ಟಿ ಬಡಿದಳು, ರೊಟ್ಟಿಗೆ ಹಚ್ಚಿಕೊಳ್ಳಲು ಅಗಸಿ ಹಿಂಡಿ ಕುಟ್ಟಿ ಕಟ್ಟಿಟ್ಟಳು. ಮುತ್ಯಾ, "ಹೊಸಾ ಊರಿಗೆ ಹೋದ ಕೂಡ್ಲೇ ನೀರು ಎಲ್ಲೈತಿ ನೋಡು, ಆಮ್ಯಾಲೆ ನಾಯಿ ಎಲ್ಲಿ ಅದಾವ ನೋಡು. ಗಾಳಿಗೆ ಬೆನ್ನು ಕೊಟ್ಟು ಮಲಗು," ಎಂದ. ಅಪ್ಪನ ತಮ್ಮ, ನಮ್ಮ ಕಾಕಾನಿಗೆ ಇದೆಲ್ಲ ತಮಾಷೆ. "ಒಂದು ಬಡಿಗೀನೂ ಕೊಟ್ಟು ಕಳಸ್ರಿ, ಮಾಸ್ತರು ಮಾತು ಕೇಳಲಿಲ್ಲಂದ್ರ ಬೇಕಾಗ್ತೈತಿ," ಎಂದ. ನಾನು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕೆ. ಏ ಹುಡುಗಿ, ನಗು, ತಪ್ಪಿಲ್ಲ. ಆದರೆ ಒಂದು ಸಲ ಅವರ ಮುಖ ನೋಡು. ತಾವು ಕಾಣದ ಊರಿಗೆ ದಾರಿ ಹೇಳುತ್ತಿದ್ದಾರೆ. ಇದ್ದ ಬುದ್ಧಿಯನ್ನೆಲ್ಲ ನಿನ್ನ ಗಂಟಿಗೆ ಕಟ್ಟುತ್ತಿದ್ದಾರೆ. ಇಷ್ಟು ವರ್ಷಗಳಾದರೂ ನನಗೆ ಆ ಬೆರಗು ಹೋಗಿಲ್ಲ.

ಅಪ್ಪ ಮಾತ್ರ ಬುದ್ಧಿ ಹೇಳಲಿಲ್ಲ. ರುಮಾಲು ಒಗೆದು ಒಣಗಿಸಿದ, ಹೆಗಲಿಗೆ ಕಂಬಳಿ ಹಾಕಿದ, ಕೋಲು ಹಿಡಿದ, ಸೋಮವಾರ ನನ್ನನ್ನು ಬಸ್ಸಿಗೆ ಹತ್ತಿಸಿ ತಾನೂ ಹತ್ತಿದ. ಅಪ್ಪನ ಒಂದು ನಡತೆಯನ್ನು ನಿಮಗೆ ಹೇಳಲೇಬೇಕು. ಕುರಿಗಾರರು ಪರಊರಿನಲ್ಲಿ ಯಾರ ಹೊಲಕ್ಕೂ ತಾವಾಗಿ ಕಾಲಿಡುವುದಿಲ್ಲ. ಕುರಿ ರಾತ್ರಿ ನಿಂತರೆ ಹೊಲಕ್ಕೆ ಗೊಬ್ಬರ, ಅದು ಹೊಲದವರಿಗೂ ಬೇಕು. ಆದರೂ ಬದುವಿನ ಆಚೆಗೇ ನಿಲ್ಲಬೇಕು. ಆಳು ಬಂದು ಕೇಳಿದರೆ 'ಸುಮ್ಮನೆ ನಿಂತೇವಿ' ಅನ್ನಬೇಕು. ಹೊಲದ ಯಜಮಾನ ತಾನೇ ಬಂದು ಕರೆದ ಮೇಲೆಯೇ ಒಳಗೆ ಹೆಜ್ಜೆ. ಅಪ್ಪ ಹುಟ್ಟಿದಾಗಿನಿಂದ ಹಾಗೆ ಬದುಕಿದವನು. ಅವನ ಕುರಿ ಕರೆಯದ ಹೊಲ ಹೊಕ್ಕಿತು ಎಂದು ಒಬ್ಬರೂ ಅಂದದ್ದಿಲ್ಲ.

ಕಾಲೇಜಿನ ಗೇಟಿನ ಎದುರಿಗೆ ಒಂದು ಬೇವಿನ ಗಿಡವಿತ್ತು. ಅಪ್ಪ ಅದರ ಕೆಳಗೆ ಕೋಲು ಊರಿ ನಿಂತ, ಪಕ್ಕದಲ್ಲಿ ನಾನು. ಅಬ್ಬಾ, ಆ ಕಟ್ಟಡ. ಅದರ ಕಿಟಕಿಗಳು ನಮ್ಮ ಮನೆಯ ಬಾಗಿಲಿಗಿಂತ ಎತ್ತರ. ಗಂಟೆ ಬಾರಿಸಿದರೆ ಎಲ್ಲರೂ ಒಳಗೆ, ಮತ್ತೆ ಬಾರಿಸಿದರೆ ಎಲ್ಲರೂ ಹೊರಗೆ. ನನ್ನ ವಯಸ್ಸಿನ ಹುಡುಗಿಯರು ತವರುಮನೆಗೆ ಹೋದ ಹಾಗೆ ಸಲೀಸಾಗಿ ಒಳಗೆ ನಡೆಯುತ್ತಿದ್ದರು. ಅಪ್ಪ ಕಣ್ಣು ಮಿಟುಕಿಸದೆ ನೋಡುತ್ತಿದ್ದ. "ಎಷ್ಟು ಮಕ್ಕಳವಾ ಯವ್ವಾ," ಎಂದ ಮೆಲ್ಲಗೆ. "ಇಷ್ಟೂ ಮಂದಿನ್ನ ಸಂಜಿಗೆ ಹ್ಯಾಂಗ ಎಣಸ್ತಾರ?" ಸ್ವಲ್ಪ ಹೊತ್ತಿಗೆ ಗೇಟು ಕಾಯುವ ಸಿಪಾಯಿ ಹೊರಗೆ ಬಂದು, "ಯಾರನ್ನ ನೋಡಾಕ ಬಂದೀರಿ?" ಎಂದು ಕೇಳಿದ. "ಯಾರನ್ನೂ ಇಲ್ರಿ, ಸುಮ್ಮನ ನಿಂತೇವಿ," ಎಂದ ಅಪ್ಪ. ಸಿಪಾಯಿ ಹೊರಟುಹೋದ. ಈಗ ಯಜಮಾನ ಬರುತ್ತಾನೆ ಎನ್ನುವಂತೆ ಅಪ್ಪ ರುಮಾಲು ಸರಿಮಾಡಿಕೊಂಡ. ಬಿಸಿಲೇರಿತು. ರೊಟ್ಟಿ ತಿಂದೆವು. ಒಂದು ಸಲ ನಾನು, "ಅಪ್ಪಾ, ಒಳಗ ಹೋಗೂಣೇನು?" ಎಂದೆ. "ಇನ್ನೂ ಕರದಿಲ್ಲಲ್ಲವಾ," ಎಂದ. ಅದು ನನಗೂ ಸರಿಯೆಂದೇ ತೋರಿತು. ಅಷ್ಟು ದೊಡ್ಡ ಮನೆಗೆ ಕರೆಯದೆ ಹೇಗೆ ಹೋಗುವುದು?

ಏ ಹುಡುಗಿ, ಹೋಗು. ನನ್ನ ಬುದ್ಧಿಮಾತು ಅಷ್ಟೇ. ನೀರು ಆಮೇಲೆ ನೋಡುವಿಯಂತೆ. ಗೇಟು ತೆರೆದೇ ಇದೆ, ಯಾರೂ ಕರೆಯಲು ಬರುವುದಿಲ್ಲ, ಕರೆಯುವುದು ಅಲ್ಲಿಯ ಪದ್ಧತಿಯಲ್ಲ. ಅಪ್ಪನ ಕೈ ಹಿಡಿದುಕೊಂಡು ನಡೆದುಬಿಡು.

ಸಂಜೆ ಸಿಪಾಯಿ ಗೇಟಿಗೆ ಸರಪಳಿ ಹಾಕಲು ಬಂದಾಗ ನಾವು ಅಲ್ಲಿಯೇ ಇದ್ದೆವು. ಅವನು ನನ್ನ ಕೈಯಲ್ಲಿದ್ದ ಮಾರ್ಕ್ಸ್ ಕಾರ್ಡು ನೋಡಿ ದಂಗಾದ. "ಅಲ್ರೀ ಯಜಮಾನ್ರ, ಮುಂಜಾನಿಂದ ನಿಂತೀರಿ, ಒಳಗ ಬರಬಾರದೇನು? ಹೆಸರು ಹಚ್ಚೂದು ಇವತ್ತ ಮುಗೀತಲ್ಲರಿ." ಅಪ್ಪ, "ಯಾರೂ ಕರೀಲಿಲ್ರಿ," ಎಂದ. ಸಿಪಾಯಿ ಒಳ್ಳೆಯ ಮನುಷ್ಯ, ನಗಲಿಲ್ಲ. "ಸಾಲಿ ಕಲಿಯಾಕ ಯಾರು ಕರೀತಾರ ಮಾರಾಯಾ," ಎಂದು ತನಗೇ ಹೇಳಿಕೊಂಡಂತೆ ಅಂದು, ಮುಂದಿನ ವರ್ಷ ಬರಲು ಹೇಳಿದ. ಮುಂದಿನ ವರ್ಷಕ್ಕೆ ನಾನು ಹುನಗುಂದದ ಸೊಸೆಯಾಗಿದ್ದೆ. ಆ ಸಂಜೆ ಬಸ್ಸಿನಲ್ಲಿ ಅಪ್ಪ ಕಿಟಕಿಯ ಆಚೆ ಕಪ್ಪಾಗುತ್ತಿದ್ದ ಎರೆಹೊಲಗಳನ್ನು ನೋಡುತ್ತ ಕುಳಿತಿದ್ದ. ಎಲ್ಲ ಹೊಲಗಳಿಗೂ ಬದು ಇದೆಯೇ ಎಂದು ನೋಡುತ್ತಿದ್ದನೋ ಏನೋ.

ಆ ಮನೆ ಈಗ ಇಲ್ಲ. ಮುತ್ಯಾನ ಕದರು, ಅವ್ವನ ರೊಟ್ಟಿಯ ಸಪ್ಪಳ, ಕಾಕಾನ ಚೇಷ್ಟೆ, ರಾತ್ರಿ ಕಾಲಸಂದಿಯಲ್ಲಿ ಬಂದು ಮಲಗುತ್ತಿದ್ದ ಮರಿಗಳ ಬಿಸಿಯುಸಿರು, ಒಂದೂ ಇಲ್ಲ. ಕುರಿ ಮಾರಿಯಾಯಿತು, ಗೋಡೆ ಬಿದ್ದ ಜಾಗದಲ್ಲಿ ಜಾಲಿ ಬೆಳೆದಿದೆ. ನಿಮ್ಮ ಊರಿನಲ್ಲೂ ಅಂಥದೊಂದು ಜಾಗ ಇದ್ದೇ ಇರುತ್ತದೆ. ಎದುರಿಗೆ ಹಾಯುವಾಗ ನೀವೂ ನಡಿಗೆ ನಿಧಾನ ಮಾಡುತ್ತೀರಿ.

ಎಂಬತ್ತರ ದಶಕದ ನಡುವೆ ನನ್ನ ಮಗಳು, ಅಂದರೆ ಈಗ ಕಾಲೇಜಿಗೆ ಹೊರಟಿರುವ ಹುಡುಗಿಯ ತಾಯಿ, ಶಾಲೆಗೆ ಹೋಗುವಷ್ಟಾದಳು. ಬರುವ ವರ್ಷ ನೋಡೋಣ ಎಂದರು ಅತ್ತೆ. ಸುದ್ದಿ ಹೇಗೆ ಮುಟ್ಟಿತೋ, ಕುರಿಯನ್ನು ಕಾಕಾನಿಗೆ ಒಪ್ಪಿಸಿ ಅಪ್ಪ ಹುನಗುಂದಕ್ಕೆ ಬಂದ. ನೀರು ಕುಡಿದದ್ದೇ ಮೊಮ್ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಹೊರಟ, ನಾನು ಹಿಂದೆ ಓಡಿದೆ. ಶಾಲೆಯ ಗೇಟು ಬಂದಾಗ ನನ್ನ ಕಾಲು ತಾನಾಗಿಯೇ ನಿಂತಿತು. ಅಪ್ಪ ನಿಲ್ಲಲಿಲ್ಲ. ಕಂಬಳಿ, ಕೋಲು, ಧೂಳಿನ ಕೆರವು ಸಮೇತ ಅಂಗಳ ದಾಟಿ, ಪಾಠ ನಡೆದಿದ್ದ ಕೋಣೆಯ ನಡುವೆಯೇ ಹೋಗಿ ನಿಂತ. ಮಕ್ಕಳು ಕಿಸಕ್ಕನೆ ನಕ್ಕವು. ಬೋರ್ಡಿನ ಮೇಲೆ ಬರೆಯುತ್ತಿದ್ದ ಶಿಕ್ಷಕಿ ಬಾಯಾರು ಕೈಯಲ್ಲಿ ಸೀಮೆಸುಣ್ಣದ ಖಡು ಹಿಡಿದೇ ತಿರುಗಿದರು. "ಕರೀಲಾರದ ಬಂದೇನ್ರಿ," ಎಂದ ಅಪ್ಪ. ತೋಳ ಬಂದಾಗ ಕೂಗುವ ಧ್ವನಿ ಅದು. "ಇದರ ಹೆಸರು ಹಚ್ಚಗೋರಿ." ಬಾಯಾರು ಅವನ ಹೆಗಲಿನಿಂದ ಮಗುವನ್ನು ಇಳಿಸಿಕೊಂಡು ಮುಂದಿನ ಸಾಲಿನಲ್ಲಿ ಕೂರಿಸಿದರು.

ಹೊರಗೆ ಬಂದ ಅಪ್ಪ ಕಟ್ಟೆಯ ಮೇಲೆ ಕುಳಿತ, ರುಮಾಲು ಬಿಚ್ಚಿ ಬೆವರು ಒರೆಸಿಕೊಂಡ. ಆ ಕೋಣೆಯ ಕಡೆ ನೋಡಿ ನನ್ನ ಕಡೆ ತಿರುಗಿದ.

"ಏನೂ ಅನಲಿಲ್ಲವಾ ಯವ್ವಾ," ಎಂದ. "ಒಳಗ ಹೋದ್ರ ಏನೂ ಅನೂದಿಲ್ಲ ನೋಡು."