ಅಶೋಕ ಕೂತ ಕುರ್ಚಿಯಲ್ಲಿ ಹರಿಣಿಯ ಅಪ್ಪ

ಕೊರೊನಾ ಮುಗಿದು ಶಾಲೆಗಳು ಸರಿಯಾಗಿ ನಡೆಯತೊಡಗಿದ ಎರಡನೇ ವರ್ಷ. ನಾನು ಕೊಯಮತ್ತೂರಿನ ಬಳಿಯ ಕಿಣತ್ತುಕಡವಿನ ಒಂದು ಖಾಸಗಿ ಶಾಲೆಯಲ್ಲಿ ಆರನೇ ತರಗತಿಗೆ ಇತಿಹಾಸ ಕಲಿಸುತ್ತಿದ್ದೆ. ನಮ್ಮ ವಿಷಯಕ್ಕೆ ಸಿಗುವುದು ಸದಾ ಊಟದ ನಂತರದ ಪೀರಿಯಡ್. ಮೊಸರನ್ನ ತಿಂದು ಬಂದ ಮೂವತ್ತೆಂಟು ಮಕ್ಕಳ ಕಣ್ಣು ತೆರೆದಿಡುವುದೇ ಒಂದು ಸಾಹಸವಾದ್ದರಿಂದ ನಾನು ‘ಹಾಟ್ ಸೀಟ್’ ಶುರು ಮಾಡಿದೆ. ಒಂದು ಮಗು ನನ್ನ ಕುರ್ಚಿಯಲ್ಲಿ ರಾಜನೋ ಯಾತ್ರಿಕನೋ ಆಗಿ ಕೂರುತ್ತದೆ, ಉಳಿದವರು ಬೇಕಾದ್ದು ಕೇಳಬಹುದು. ಉತ್ತರಕ್ಕೆ ಮಾತ್ರ ಶಾಸನ, ನಾಣ್ಯ, ಬರಹ ಹೀಗೆ ಏನಾದರೊಂದು ಆಧಾರ ಇರಬೇಕು. ಇಲ್ಲದಿದ್ದರೆ ‘ತೆರಿಯಾದು’, ಅಂದರೆ ಗೊತ್ತಿಲ್ಲ ಎಂದು ಒಪ್ಪಿಕೊಳ್ಳಬೇಕು. ಪಾಠವೆಲ್ಲ ತಮಿಳಿನಲ್ಲೇ ನಡೆಯುತ್ತಿತ್ತು.

ಈ ಆಟದಲ್ಲಿ ಹರಿಣಿಯನ್ನು ಮೀರಿಸುವವರಿರಲಿಲ್ಲ. ಅಶೋಕನಾಗಿ ಕೂತ ಹುಡುಗ “ಕಳಿಂಗದಲ್ಲಿ ರಾತ್ರಿಯಿಡೀ ಅತ್ತೆ” ಎಂದು ಎದೆ ತಟ್ಟಿಕೊಂಡಾಗ, ಅವಳು ಎದ್ದು ನಿಂತು “ಶಾಸನದಲ್ಲಿ ಮರುಗಿದೆ ಅಂತಿದೆ, ಅತ್ತೆ ಅಂತ ಎಲ್ಲಿದೆ?” ಎಂದಳು. ಸಮ್ರಾಟರು ತಬ್ಬಿಬ್ಬಾಗಿ ತಮ್ಮ ಬೆಂಚಿಗೆ ಓಡಿದರು. ಆ ತರಗತಿಯಲ್ಲಿ ನಮ್ಮ ಮನೆಯವರಂತೆ ಮನೆಯಲ್ಲಿ ಕನ್ನಡ ಆಡುವವಳು ಅವಳೊಬ್ಬಳೇ. ನನಗೆ ಅವಳ ಮೇಲೆ ಒಂದು ತೂಕ ಹೆಚ್ಚೇ ಪ್ರೀತಿ.

ಅರ್ಧವಾರ್ಷಿಕ ಪರೀಕ್ಷೆ ಮುಗಿದ ವಾರ ಅವಳ ಅಪ್ಪ ತೀರಿಕೊಂಡರು. ಕೊಯಮತ್ತೂರಿನ ಪಂಪ್ ಕಾರ್ಖಾನೆಗೆ ಬೈಕಿನಲ್ಲಿ ಹೋಗುವಾಗ ಹೈವೇಯಲ್ಲಿ ಲಾರಿ ತಾಗಿತ್ತು. ಹರಿಣಿ ಶಾಲೆಗೆ ಮರಳಿದ ಮೇಲೂ ಯಾರೊಡನೆಯೂ ಮಾತಾಡಲಿಲ್ಲ. ಒಂದು ದಿನ ವರಾಂಡದಲ್ಲಿ ನನ್ನನ್ನು ತಡೆದಳು.

“ಮಿಸ್, ಕುರ್ಚಿಲಿ ಸತ್ತೋರನ್ನ ತಾನೆ ಕೂರ್ಸೋದು?”

“ಹೌದಮ್ಮ.”

“ಹಂಗಂದ್ರೆ ನಮ್ಮಪ್ಪನ್ನ ಕೂರ್ಸಿ. ಒಂದು ಕೇಳ್ಬೇಕು.”

ಅವಳ ತಾಯಿಗೆ ಫೋನ್ ಮಾಡಿದೆ. “ಮನೇಲಿ ಬಾಯೇ ಬಿಡ್ತಿಲ್ಲ ಟೀಚರ್. ಅಲ್ಲಾದ್ರೂ ಮಾತಾಡ್ಲಿ, ಬಿಡಿ” ಎಂದರು. ಆ ಪಾತ್ರಕ್ಕೆ ಇನ್ನೊಂದು ಮಗುವನ್ನು ಕೂರಿಸುವ ಧೈರ್ಯ ನನಗಿರಲಿಲ್ಲ, ಹಾಗಾಗಿ ನಾನೇ ಕೂತೆ.

ಮೊದಲ ಪ್ರಶ್ನೆಯನ್ನು ಅವಳು ತಮಿಳಿನಲ್ಲೇ ಕೇಳಿದಳು: “ತುಂಬಾ ನೋವಾಯ್ತಾ?” ನಾನು ನಿಯಮದಂತೆ “ತೆರಿಯಾದು” ಎಂದೆ. ಅವಳು ತಲೆಯಾಡಿಸಿದಳು. ಎರಡನೆಯದಕ್ಕೆ ಬಾಯಿ ತೆರೆದಾಗ ಭಾಷೆ ಕನ್ನಡಕ್ಕೆ ತಿರುಗಿತು. ಅಪ್ಪನ ಹತ್ತಿರ ಅವಳು ಎಂದೂ ತಮಿಳಾಡಿದವಳಲ್ಲ.

“ಅಪ್ಪಾ, ಟೂರ್‌ಗೆ ಕಳ್ಸಲ್ಲ ಅಂದ್ರಿ ಅಂತ ಅವತ್ತು ಬೆಳಿಗ್ಗೆ ಮುಖ ತಿರುಗಿಸ್ಕೊಂಡು ಕೂತಿದ್ನಲ್ಲ. ನೀವು ಹೋಗ್ಬರ್ತೀನಿ ಅಂದ್ರಿ, ನಾನು ಒಂದು ಮಾತೂ ಆಡ್ಲಿಲ್ಲ. ನೀವು ನನ್ ಮೇಲೆ ಕೋಪ ಇಟ್ಕೊಂಡೇ ಹೋದ್ರಾ?”

ತರಗತಿಯಲ್ಲಿ ಆ ಪ್ರಶ್ನೆ ಅರ್ಥವಾಗಿದ್ದು ನನಗೊಬ್ಬಳಿಗೇ. ಹನ್ನೊಂದು ವರ್ಷದ ಮಗು ಇಷ್ಟು ದಿನ ಇದನ್ನು ಒಬ್ಬಳೇ ಹೊತ್ತು ತಿರುಗಿದ್ದಳಲ್ಲ! ಆಧಾರ, ನಿಯಮ ಎಲ್ಲ ಹಾಳಾಗಲಿ ಅನ್ನಿಸಿತು. ತಮಿಳಿನಲ್ಲಿ ಮಕ್ಕಳನ್ನು ಮುದ್ದಿನಿಂದ ಕರೆಯುವ ಮಾತೇ ಬಾಯಿಗೆ ಬಂತು.

“ಇಲ್ಲ ಕಣ್ಣು, ಒಂಚೂರೂ ಕೋಪ ಇರ್ಲಿಲ್ಲ. ದಾರೀಲಿ ನಿನ್ನ ನೆನಪು ಮಾಡ್ಕೊಂಡು ನಗ್ತಾ ಹೋದೆ.”

ಅವಳ ಮುಖ ಒಂದು ಕ್ಷಣ ಸಡಿಲವಾಯಿತು. ನಾನು ಗೆದ್ದೆ ಅಂದುಕೊಂಡೆ. ಆಮೇಲೆ ಅವಳು ನನ್ನನ್ನೇ ದಿಟ್ಟಿಸಿ ಮೆಲ್ಲಗೆ ಹೇಳಿದಳು:

“ನಮ್ಮಪ್ಪ ನನ್ನನ್ನ ‘ಕಣ್ಣು’ ಅಂತ ಕರೀತಿರ್ಲಿಲ್ಲ, ಮಿಸ್.”

ಆ ದನಿಯಲ್ಲಿ ಸಿಟ್ಟಿರಲಿಲ್ಲ. ನಾನು ಕುರ್ಚಿಯಿಂದ ಎದ್ದು ಬಂದು ಅವಳ ಕೈ ಹಿಡಿದೆ. “ಪರವಾಯಿಲ್ಲೆ ಮಿಸ್, ಸುಮ್ಮಾ ಕೇಳ್ದೆ” ಎಂದು ನನಗೇ ಸಮಾಧಾನ ಹೇಳಿ ಬೆಂಚಿಗೆ ಹೋಗಿ ಕೂತಳು. ನಕಲಿ ದಾಖಲೆಯನ್ನು ಅದರ ಮಾತಿನಿಂದಲೇ ಹಿಡಿಯುವುದು ನಮ್ಮ ವೃತ್ತಿಯ ದೊಡ್ಡ ವಿದ್ಯೆ. ನಾನು ಕಲಿಸದೆಯೇ ಅವಳಿಗೆ ಅದು ಬಂದಿತ್ತು, ಅದೂ ಬರಬಾರದಿದ್ದ ದಿನ.

ರಾಜರ ವಿಷಯದಲ್ಲಿ ‘ಗೊತ್ತಿಲ್ಲ’ ಎನ್ನುವುದು ಎಷ್ಟು ಸಲೀಸು! ಅದೇ ಮಾತನ್ನು ಕೆಲವರು ಜೀವನವಿಡೀ ಹೊರಬೇಕಾಗುತ್ತದೆ, ಅದನ್ನು ಇಳಿಸುವ ಶಕ್ತಿ ಯಾವ ಮೇಷ್ಟ್ರಿಗೂ ಇಲ್ಲ ಎಂಬುದನ್ನು ನನಗೆ ಕಲಿಸಿದವಳು ಹರಿಣಿ. ಅಪ್ಪ ಅವಳನ್ನು ಏನೆಂದು ಕರೆಯುತ್ತಿದ್ದರೆಂದು ನಾನು ಕೇಳಲಿಲ್ಲ. ಅವಳೂ ಹೇಳಲಿಲ್ಲ.