ಮಂಜಣ್ಣನ ಎಂಜಿನ್, ನನ್ನ ಕಿವಿ

“ಅಕ್ಕೋರೆ, ಈ ಪೈಪು ಕಿವಿಗೆ ಇಟ್ಕಂಡು ನೋಡಿ. ಎಂತಾದ್ರೂ ಕೇಳ್ತದ್ಯಾ?” ಎಂದು ಹೊನ್ನಾವರದ ಮೆಕ್ಯಾನಿಕ್ ಮಂಜಣ್ಣ ರಬ್ಬರ್ ಪೈಪೊಂದನ್ನು ನನ್ನ ಕೈಗಿತ್ತರು. ತೊಂಬತ್ತರ ದಶಕದ ಕೊನೆಯ ಮಾತು. ನಮ್ಮ ಹಳೆಯ ಕಾರಿನ ಎಂಜಿನ್ನನ್ನು ಪೂರ್ತಿ ಬಿಚ್ಚಿ, ಹೊಸದಾಗಿ ಜೋಡಿಸಿ, ಆಗಷ್ಟೇ ಸ್ಟಾರ್ಟ್ ಮಾಡಿದ್ದರು. ಆದರೆ ಎಂಜಿನ್ ಗಾಳಿ ಎಳೆಯುವ ಬಲವನ್ನು ಅಳೆಯುವ ವ್ಯಾಕ್ಯೂಮ್ ಗೇಜಿನ ಮುಳ್ಳು ಹದಿನೆಂಟು ತೋರಿಸುವ ಬದಲು ಹದಿಮೂರರಲ್ಲೇ ನಿಂತಿತ್ತು. ಎಲ್ಲೋ ಗಾಳಿ ಸೋರುತ್ತಿರಬೇಕು. ಆ ಜಾಗ ಸಿಗದಿದ್ದರೆ ವಾರದ ಕೆಲಸವನ್ನೆಲ್ಲ ಮತ್ತೆ ಬಿಚ್ಚಬೇಕು.

“ನೀವೇ ಕೇಳಿ ಮಂಜಣ್ಣ, ನನಗೆ ಎಂಜಿನ್ನಿನ ಎಬಿಸಿ ಗೊತ್ತಿಲ್ಲ” ಎಂದೆ.

ಅವರು ಅತ್ತಿತ್ತ ನೋಡಿ ದನಿ ತಗ್ಗಿಸಿದರು. “ಭಟ್ಕಳ ಬಂದರದಲ್ಲಿ ಮೂವತ್ತು ವರ್ಷ ಬೋಟಿನ ಎಂಜಿನ್ ಹತ್ರ ಕೂತವ ನಾನು. ಮಾತು ಕೇಳ್ತದೆ, ಸಣ್ಣ ಸದ್ದು ಕೇಳೂದಿಲ್ಲ. ಗೊತ್ತಾದ್ರೆ ಯಾರು ಕಾರು ತರ್ತಾರೆ?”

ನನ್ನ ಕಿವಿ ಮೊದಲಿನಿಂದಲೂ ಚುರುಕು; ಶಾಲೆಯ ದಿನಗಳಲ್ಲಿ ಕಾನ್ವೆಂಟಿನ ಹಾಡುವ ತಂಡದಲ್ಲಿ ಯಾರ ಸ್ವರ ತಪ್ಪಿತೆಂದು ಸಿಸ್ಟರ್ ನನ್ನನ್ನೇ ಕೇಳುತ್ತಿದ್ದರು. ಪೈಪಿನ ತುದಿಯನ್ನು ಮೆಲ್ಲಗೆ ಸರಿಸುತ್ತ ಹೋದೆ. ಕಾರ್ಬುರೇಟರಿನ ಕೆಳಗೆ, ಒಂದು ಮೂಲೆಯಲ್ಲಿ ಸುಯ್ಯೆಂದಿತು. ಬೋಟಿನವರ ರೂಢಿಯಂತೆ ಮಂಜಣ್ಣ ಕೈಯಲ್ಲೇ ಕತ್ತರಿಸಿ, ಗಾಳಿ ನುಸುಳದಂತೆ ಜೋಡಣೆಯ ನಡುವೆ ಹಾಕಿದ್ದ ಗ್ಯಾಸ್ಕೆಟ್ ಹಾಳೆ ಅಲ್ಲಿ ಕೂದಲೆಳೆಯಷ್ಟು ಸಾಲದೆ ಹೋಗಿತ್ತು. ಆ ಸಂದಿಗೆ ಗ್ರೀಸ್ ಮೆತ್ತಿದೊಡನೆ ಮುಳ್ಳು ಹದಿನೆಂಟಕ್ಕೇರಿತು.

“ಆತು ಅಕ್ಕೋರೆ, ಗ್ಯಾಸ್ಕೆಟ್ ಒಂದು ಬದಲು ಮಾಡಿದ್ರೆ ಸಾಕು” ಎಂದು ಅವರು ಅಲ್ಲೇ ಕುಳಿತುಬಿಟ್ಟರು.

ಅವರು ಗ್ಯಾರೇಜು ಮುಚ್ಚುವವರೆಗೂ ನಾನು ಈ ಗುಟ್ಟನ್ನು ಯಾರಿಗೂ ಹೇಳಲಿಲ್ಲ. ಅಷ್ಟು ವರ್ಷವೂ “ಅಕ್ಕೋರು ಚಾ ಕುಡಿಯೂಕೆ ಬರಬೇಕಂತೆ” ಎಂದು ಆಗಾಗ ನನಗೆ ಕರೆ ಬರುತ್ತಿತ್ತು. ಹೋದರೆ ಚಾ ನಿಜಕ್ಕೂ ಇರುತ್ತಿತ್ತು. ಪಕ್ಕದಲ್ಲಿ ಬಾನೆಟ್ ಎತ್ತಿಟ್ಟ ಯಾರದೋ ಕಾರೂ ಇರುತ್ತಿತ್ತು.